ಮಿಟುಕು, ಮಿಣುಕು, ಮಿಡಿತ: ಸೂಚನಾಪತ್ರಕ್ಕೆ ಯಾವುದು?

ಪ್ರಶ್ನೆ (ತುಮಕೂರಿನಿಂದ):
ಪರದೆಯ ಮೇಲೆ ನಾಲ್ಕು ಚೌಕಗಳು ಬೇರೆ ಬೇರೆ ವೇಗದಲ್ಲಿ ಫ್ಲಿಕರ್ ಆಗುತ್ತವೆ. ನೋಡುಗರು ಯಾವ ಚೌಕ ನೋಡುತ್ತಾರೋ ಅದರ ವೇಗವೇ ತಲೆಯ ಹಿಂಭಾಗದ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯಲ್ಲಿ) ಸಿಗುತ್ತದೆ. ಅದನ್ನು ಹಿಡಿದು ವೀಲ್‌ಚೇರ್ ತಿರುಗಿಸುವುದು ಉದ್ದೇಶ. ಗುಬ್ಬಿ, ಶಿರಾ ಕಡೆಯ ಹಿರಿಯರಿಗಾಗಿ 'ಮಿಟುಕುವ ಚೌಕವನ್ನು ಎವೆಯಿಕ್ಕದೆ ದಿಟ್ಟಿಸಿ ನೋಡಿ' ಎಂದು ಬರೆದಿದ್ದೇವೆ. ಸರಿಯೇ? ಹೀಗೆ ಬೆಳಕಿಗೆ ಪ್ರತಿಯಾಗಿ ಮಿದುಳಿನಲ್ಲಿ ಏಳುವ ಅಲೆಗೆ, ಅಂದರೆ 'ಇವೋಕ್ಡ್ ಪೊಟೆನ್ಶಿಯಲ್'ಗೆ, 'ಪ್ರಚೋದಿತ ವಿಭವ' ಆಗಬಹುದೇ?

ಉತ್ತರ:
ವಾಕ್ಯ ಚೆನ್ನಾಗಿದೆ, ಆದರೆ ಅದರ ಒಂದೊಂದು ಪದವೂ ಇಇಜಿಯನ್ನು ಕೆಡಿಸುತ್ತದೆ.

ಮಿಟುಕುವುದು ಕಣ್ಣಿನ ಕೆಲಸ. ಕೇಳಿದವರು ತಾವೇ ಮಿಟುಕಿಸಬೇಕೇನೋ ಅಂದುಕೊಳ್ಳುತ್ತಾರೆ. ಒಮ್ಮೆ ರೆಪ್ಪೆ ಬಡಿದರೆ ಹಣೆಯ ಬಳಿ ನೂರು ಮೈಕ್ರೋವೋಲ್ಟ್ ಆಸುಪಾಸಿನ ಅಲೆ ಏಳುತ್ತದೆ. ನೀವು ಹುಡುಕುತ್ತಿರುವುದು ಕೆಲವೇ ಮೈಕ್ರೋವೋಲ್ಟಿನದು. 'ಎವೆಯಿಕ್ಕದೆ' ಅಂದರೆ ಇನ್ನೂ ಕಷ್ಟ: ಹಟಕ್ಕೆ ಬಿದ್ದು ಕಣ್ಣು ಬಿಟ್ಟುಕೊಂಡಿದ್ದು, ಉರಿ ಬಂದು ನೀರು ಸುರಿದ ಮೇಲೆ ಪಟಪಟ ಬಡಿಯುತ್ತಾರೆ. 'ದಿಟ್ಟಿಸಿ' ಎಂದಾಗ ಹುಬ್ಬು ಗಂಟಾಗುತ್ತದೆ, ದವಡೆ, ಕತ್ತು ಬಿಗಿಯುತ್ತವೆ. ಕತ್ತಿನ ಸ್ನಾಯು ಹಿಂದಲೆಯ ಎಲೆಕ್ಟ್ರೋಡ್‌ಗಳ ಕೆಳಗೇ ಇದೆ.

'ಮಿಣುಕು' ಕೂಡ ಬೇಡ. ಮಿಣುಕು ಹುಳವಾಗಲಿ, ವೋಲ್ಟೇಜ್ ಇಳಿದ ಬಲ್ಬಾಗಲಿ ಮಂದ ಬೆಳಕಿನವು. ನಿಮಗೆ ಬೇಕಾದ್ದು ಢಾಳಾದ ಬೆಳಕು, ತಪ್ಪದ ಲಯ. 60 ಹರ್ಟ್ಸ್ ಪರದೆಯಲ್ಲಿ (ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ) 3 ಫ್ರೇಮ್ ಬೆಳಕು, 3 ಫ್ರೇಮ್ ಕತ್ತಲೆ ಕೊಟ್ಟರೆ 10 ಹರ್ಟ್ಸ್. 4ಕ್ಕೆ 4 ಕೊಟ್ಟರೆ 7.5. 11 ಹರ್ಟ್ಸ್ ಹೀಗೆ ಸಮವಾಗಿ ಭಾಗವಾಗದು, ಪ್ರಖರತೆಯನ್ನು ಸೈನ್ ಅಲೆಯಂತೆ ಏರಿಸಿ ಇಳಿಸಬೇಕು. 7.5 ಇಟ್ಟ ಪರದೆಯಲ್ಲಿ 15 ಇಡಬೇಡಿ: ಮಿದುಳು ಮೂಲ ವೇಗದ ಜೊತೆ ಅದರ ಇಮ್ಮಡಿಯನ್ನೂ ತೋರಿಸುವುದರಿಂದ ಎರಡು ಚೌಕಗಳು ಕಲಸಿಹೋಗುತ್ತವೆ. ಇಷ್ಟು ಲೆಕ್ಕದ ಬೆಳಕಿಗೆ 'ಮಿಡಿತ'ವೇ ಒಪ್ಪುತ್ತದೆ. ನಾಡಿಯ ಹಾಗೆ ಎಣಿಸಬಹುದು. ಇದು ವರದಿಗೆ. ಹಿರಿಯರಿಗೆ 'ಹೊತ್ತಿ ಆರುವ ಚೌಕ' ಸಾಕು.

'ಪ್ರಚೋದಿತ' ಕೇಳಿದೊಡನೆ ಪ್ರಚೋದನಕಾರಿ ಭಾಷಣ ನೆನಪಾಗುತ್ತದೆ, ನಿಜ. 'ಪ್ರೇರಿತ' ಮೃದು. ಆದರೂ 'ಪ್ರೇರಿತ' ಬೇಡ: ಇಇಜಿಯಲ್ಲಿ 'ಇಂಡ್ಯೂಸ್ಡ್' ಎಂಬುದು ಬೇರೆಯೇ ಇದೆ. ಇವೋಕ್ಡ್ ಅಲೆ ಪ್ರಚೋದನೆಗೆ ತಾಳ ತಪ್ಪದೆ ಬರುತ್ತದೆ, ಇಂಡ್ಯೂಸ್ಡ್ ಅಲೆಗೆ ಆ ಕಟ್ಟಿಲ್ಲ. ಭೌತಶಾಸ್ತ್ರದ ಪುಸ್ತಕಗಳಲ್ಲಿ ಇಂಡಕ್ಷನ್ ಈಗಾಗಲೇ 'ಪ್ರೇರಣೆ', ಆ ಪದ ಅದಕ್ಕೇ ಇರಲಿ. 'ವಿಭವ' ಪಿಯುಸಿ ವಿಜ್ಞಾನ ಓದಿದವರಿಗೆ ಪರಿಚಿತ. ಉಳಿದವರಿಗೆ 'ವೈಭವ' ಎಂದೇ ಕೇಳಿಸೀತು. 'ಪ್ರಚೋದಿತ ವಿಭವ' ವರದಿಯಲ್ಲಿರಲಿ, ಸೂಚನಾಪತ್ರಕ್ಕೆ ತರಬೇಡಿ.

ಪತ್ರದಲ್ಲಿ ಹೀಗಿರಲಿ: 'ಹೊತ್ತಿ ಆರುವ ಚೌಕದ ನಡುವಿನ ಚುಕ್ಕಿ ನೋಡುತ್ತಿರಿ. ಕತ್ತು, ದವಡೆ ಸಡಿಲ ಬಿಡಿ. ಚೌಕಗಳು ನಿಂತಾಗ ರೆಪ್ಪೆ ಬಡಿಯಿರಿ.'

ಇದಕ್ಕೂ ಮೊದಲು ಬರಬೇಕಾದ ಪ್ರಶ್ನೆಯಲ್ಲಿ 'ಮೂರ್ಛೆರೋಗ' ಬೇಡ. ತಲೆಸುತ್ತಿ ಬೀಳುವುದೆಂದು ತಿಳಿದು 'ಇಲ್ಲ' ಅಂದುಬಿಡುತ್ತಾರೆ. 'ಯಾವಾಗಲಾದರೂ ಫಿಟ್ಸ್ ಬಂದಿತ್ತಾ?' ಎಂದೇ ಕೇಳಿ. ಹೊತ್ತಿ ಆರುವ ಬೆಳಕು ಕೆಲವರಿಗೆ ಫಿಟ್ಸ್ ತರಿಸಬಲ್ಲದು, ಬಂದಿದ್ದವರನ್ನು ಈ ಪರದೆಯ ಮುಂದೆ ಕೂರಿಸಬೇಡಿ.