ಅಪ್‌ಡೇಟ್: ಕಾಲು ಸ್ವಾಧೀನ ತಪ್ಪಿದ ನಮ್ಮ ಹುಂಜ ಕೆಂಚ

ಮೂಡಿಗೆರೆ ಹತ್ತಿರದ ನಮ್ಮನೆ ಹುಂಜ ಕೆಂಚ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದಿದ್ದಾನೆ, ಉಳಿಸಿಕೊಳ್ಳಬಹುದಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆವು. ಲಕ್ಷಣ ನೋಡಿದರೆ ಮ್ಯಾರೆಕ್ಸ್ ಕಾಯಿಲೆ ಅಂದರು. ಹರ್ಪಿಸ್ ಜಾತಿಯ ವೈರಸ್, ನರಕ್ಕೆ ಹೊಡೆಯುತ್ತದೆ, ಔಷಧಿ ಇಲ್ಲ.

ಮನೆಗೆ ತಂದು ಬುಟ್ಟಿಯಲ್ಲಿ ಗೋಣಿ ಹಾಸಿ ಮಲಗಿಸಿದೆ. ಸೂಜಿ ತೆಗೆದ ಸಿರಿಂಜಲ್ಲಿ ರಾಗಿ ಗಂಜಿಯನ್ನು ಕೊಕ್ಕಿನ ಪಕ್ಕದಿಂದ ಹನಿ ಹನಿಯಾಗಿ ಬಿಟ್ಟೆ. ಮೊದಮೊದಲು ನುಂಗಿದ. ಆಮೇಲೆ ಕುತ್ತಿಗೆ ಬುಡದ ಮೇವಿನ ಚೀಲ ಊದಿಕೊಂಡು ಹಾಗೇ ನಿಂತಿತು, ಗಂಜಿ ಕೆಳಗೆ ಇಳಿಯಲೇ ಇಲ್ಲ. ಜುಟ್ಟು ಕಪ್ಪಿಟ್ಟಿತು. ಎತ್ತಿಕೊಂಡರೆ ಎದೆಮೂಳೆ ಕೈಗೆ ಚುಚ್ಚುತ್ತಿತ್ತು.

"ಸುಮ್ನೆ ಯಾಕೆ ನರಳಿಸ್ತೀಯ ಮಗಾ, ಕಳಿಸಿಬಿಡು" ಅಂದರು ಅಜ್ಜಿ. ಕೋಳಿ ಸಾರಿಲ್ಲದೆ ಹಬ್ಬವೇ ಮಾಡದ ಅಜ್ಜಿ! ಪಕ್ಕದ ಮನೆಯವರು "ಸಾರಿಗಾದರೂ ಆಗ್ತಿತ್ತಲ್ಲ" ಅಂದಾಗ ಬೈದು ಕಳಿಸಿದ್ದೂ ಅವರೇ.

ಊರಿನ ಡಾಕ್ಟರ್ ಮನೆಗೇ ಬಂದರು. ಮೊದಲು ಮಂಪರಿನ ಇಂಜೆಕ್ಷನ್, ಆಮೇಲೆ ಇನ್ನೊಂದು. ನನ್ನ ತೊಡೆ ಮೇಲೆಯೇ ಹೋದ. ಆ ಔಷಧಿ ಮೈಯಲ್ಲಿ ಉಳಿಯುತ್ತದೆ, ನಾಯಿ ಕೆದಕಿ ತಿಂದರೆ ಅದಕ್ಕೂ ಅಪಾಯ. ಅದಕ್ಕೆ ತೋಟದಂಚಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂತೆವು.

ಈ ಕಾಯಿಲೆ ಮನುಷ್ಯರಿಗೂ ಹರಡುತ್ತಾ ಅಂತ ಕೆಲವರು ಕೇಳಿದ್ದಿರಿ: ಹರಡಲ್ಲ. ಹೇಂಟೆಗಳು ಸದ್ಯಕ್ಕೆ ಚೆನ್ನಾಗಿವೆ. ಆದರೆ ವೈರಸ್ ಗರಿಯ ಹೊಟ್ಟಲ್ಲಿ, ಗೂಡಿನ ಧೂಳಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಹಾಕಿಸಬೇಕು. ಹಾಗಾಗಿ ಮುಂದೆ ತಂದರೆ ಲಸಿಕೆ ಆದ ಮರಿಗಳನ್ನೇ ತರುತ್ತೇನೆ. ಈಗಂತೂ ಮನಸ್ಸಿಲ್ಲ.