ಶ್ರವಣಬೆಳಗೊಳ ಶಾಸನ 67: ಪಿಡಿಎಫ್ ತೆಗೆದರೆ ಬೇರೆಯದೇ ಇದೆ

ಹಳೇಪುಟ:
ಒಂದು ಪಿಎಚ್‌ಡಿ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಮಲ್ಲಿಷೇಣ ಪ್ರಶಸ್ತಿಗೆ (ಜೈನ ಮುನಿ ಮಲ್ಲಿಷೇಣನನ್ನು ಹೊಗಳುವ ಶಾಸನ) ‘ಎ.ಕ. 2, ಶ್ರ.ಬೆ. 67’ ಎಂದು ಕೊಟ್ಟಿದ್ದಾರೆ. ಎ.ಕ. ಅಂದರೆ ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾ, ಅದರ ಎರಡನೇ ಸಂಪುಟ ಇಳಿಸಿಕೊಂಡೆ. ಅದರ 67ರಲ್ಲಿ ಮಲ್ಲಿಷೇಣನ ಸುದ್ದಿಯೇ ಇಲ್ಲ. ಅದೇ ಪ್ರಬಂಧದಲ್ಲಿ ಇನ್ನೊಂದು ಶಾಸನಕ್ಕೆ 327 ಎಂದಿದೆ. ನನ್ನ ಪ್ರತಿಯಲ್ಲಿ ಅಷ್ಟು ಶಾಸನಗಳೇ ಇಲ್ಲ! ಫೈಲ್ ಒಳಗೆ ‘ಮಲ್ಲಿಷೇಣ’ ಎಂದು ಕನ್ನಡದಲ್ಲಿ ಹುಡುಕಿದರೂ ಸೊನ್ನೆ. ಸ್ಕ್ಯಾನ್ ಅರ್ಧಕ್ಕೇ ನಿಂತಿದೆಯಾ? ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಕಲ್ಬರಹ:
ಕೊನೆಯ ಶಾಸನದ ಸಂಖ್ಯೆ 144 ಅಲ್ವಾ? ಹಾಗಿದ್ದರೆ ಫೈಲ್ ಸರಿಯಾಗೇ ಇದೆ. ನಿಮ್ಮ ಹತ್ತಿರ ಇರುವುದು ಬಿ. ಎಲ್. ರೈಸ್ ಅವರ 1889ರ ಮುದ್ರಣ. ಪ್ರಬಂಧದವರು ನೋಡಿರುವುದು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಮುದ್ರಣ. ಅದರಲ್ಲಿ 500 ಶಾಸನಗಳಿವೆ, ಸಂಖ್ಯೆಗಳೂ ಬದಲಾಗಿವೆ. ಎರಡಕ್ಕೂ ‘ಎರಡನೇ ಸಂಪುಟ’ ಎಂದೇ ಹೆಸರು. ಎಲ್ಲರೂ ಎಡವುವುದು ಇಲ್ಲೇ. ಮೈಸೂರು ವಿಶ್ವವಿದ್ಯಾನಿಲಯದ ಆಮೇಲಿನ ಪರಿಷ್ಕರಣೆ ಬೇರೆ ಇದೆ, ಸದ್ಯ ಅದನ್ನು ಬಿಡಿ.

ನರಸಿಂಹಾಚಾರ್ಯರು ಒಂದು ಪುಣ್ಯ ಕಟ್ಟಿಕೊಂಡಿದ್ದಾರೆ. ಹೊಸ ಸಂಖ್ಯೆಯ ಪಕ್ಕದಲ್ಲೇ ಹಳೆಯದನ್ನು ಆವರಣದಲ್ಲಿ ಹಾಕಿದ್ದಾರೆ. ಮಲ್ಲಿಷೇಣ ಪ್ರಶಸ್ತಿ 67 (54). ಅಂದರೆ ನಿಮ್ಮ ಪ್ರತಿಯಲ್ಲಿ 54 ತೆಗೆಯಿರಿ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಕಂಬದಲ್ಲಿರುವ 1129ರ ಶಾಸನ ಅದು. 327 ಅಂದರೆ ಹಳೆಯ 124, ಊರೊಳಗಿನ ಅಕ್ಕನ ಬಸದಿಯದು. ಅದೂ ನಿಮ್ಮ ಫೈಲಿನಲ್ಲೇ ಕೂತಿದೆ.

ಪ್ರಬಂಧ ಬರೆಯುವವರು ಸಂಖ್ಯೆಯ ಜೊತೆ ಮುದ್ರಣದ ವರ್ಷವನ್ನೂ ಹಾಕಿದ್ದರೆ ನಿಮ್ಮ ಎರಡು ದಿನ ಉಳಿಯುತ್ತಿತ್ತು. ಇದು ನನ್ನ ಹಳೇ ಗೊಣಗಾಟ.

ಓಲೆಗರಿ:
ಹುಡುಕಾಟದ ವಿಷಯಕ್ಕೆ ಬರುತ್ತೇನೆ. ಇಂಥ ಎಷ್ಟೋ ಸ್ಕ್ಯಾನ್‌ಗಳಿಗೆ ಓಸಿಆರ್ (ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಕೆಲಸ) ಮಾಡುವಾಗ ಭಾಷೆ ಇಂಗ್ಲಿಷ್ ಎಂದೇ ಇಟ್ಟಿರುತ್ತಾರೆ. ಕನ್ನಡ ಪುಟಗಳೆಲ್ಲ ಅರ್ಥವಿಲ್ಲದ ಅಕ್ಷರದ ರಾಶಿ ಆಗಿರುತ್ತವೆ. ಕನ್ನಡದಲ್ಲಿ ಟೈಪ್ ಮಾಡಿದರೆ ಏನು ಸಿಕ್ಕೀತು? ಪರೀಕ್ಷೆ ಸುಲಭ: ಒಂದು ಕನ್ನಡ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ.

ಈ ಸಂಪುಟಗಳಲ್ಲಿ ಶಾಸನದ ಪಾಠ ರೋಮನ್ ಲಿಪಿಯಲ್ಲೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಅಲ್ಲಿ ಹುಡುಕಿ. ಆದರೆ ಇಡೀ ಹೆಸರು ಹಾಕಬೇಡಿ. ಮೇಲೆ ಕೆಳಗೆ ಗೆರೆ, ಚುಕ್ಕಿ ಇರುವ ಅಕ್ಷರಗಳನ್ನು ಓಸಿಆರ್ ಕೆಡಿಸಿರುತ್ತದೆ. ಎಂ ಎ ಎಲ್ ಎಲ್ ಐ, ಇಷ್ಟೇ ಸಾಕು. ಜಾಸ್ತಿ ಬಂದರೂ ಪರವಾಗಿಲ್ಲ, ಬರದೇ ಇರುವುದಕ್ಕಿಂತ ವಾಸಿ.

ಇನ್ನೊಂದು ಮಾತು. ಅನುವಾದ, ರೋಮನ್ ಪಾಠ, ಕನ್ನಡ ಪಾಠ ಬೇರೆ ಬೇರೆ ಭಾಗಗಳಲ್ಲಿವೆ, ಪುಟಸಂಖ್ಯೆ ಮತ್ತೆ 1ರಿಂದ ಶುರುವಾಗಿರಬಹುದು. ಪುಟದ ಲೆಕ್ಕ ಹಿಡಿದು ಹೋದರೆ ಸುಮ್ನೆ ಸುತ್ತುತ್ತೀರಿ. ಶಾಸನದ ಸಂಖ್ಯೆ ಹಿಡಿದೇ ಹೋಗಿ.

ಹಳೇಪುಟ:
54 ಸಿಕ್ಕಿತು! 124 ಕೂಡ. ನೋಟ್‌ಪ್ಯಾಡಿನಲ್ಲಿ ನೋಡಿದೆ, ಕನ್ನಡ ಸಾಲಿನ ಜಾಗದಲ್ಲಿ ಬರೀ ಡಾಲರ್ ಗುರುತು, ಪ್ರಶ್ನೆ ಗುರುತು. ಈಗ 1923ರದ್ದನ್ನೂ ಇಳಿಸಿಕೊಳ್ಳಬೇಕು. ಕನ್ನಡದಲ್ಲಿ ‘ಶ್ರವಣಬೆಳಗೊಳ’ ಎಂದು ಹಾಕಿದರೆ ಯಾತ್ರೆಯ ಪುಸ್ತಕಗಳೇ ಬರುತ್ತಿವೆ.

ಕಲ್ಬರಹ:
ಇಂಗ್ಲಿಷಿನಲ್ಲಿ ‘ಇನ್‌ಸ್ಕ್ರಿಪ್ಷನ್ಸ್ ಅಟ್ ಶ್ರವಣ ಬೆಳ್ಗೊಳ’ ಎಂದು ಹಾಕಿ. ಶ್ರವಣ ಬರೆಯುವಾಗ ಮೊದಲ ಎಸ್ ಆದ ಮೇಲೆ ಎಚ್ ಬೇಡ. ಬೆಳ್ಗೊಳ ಬೇರೆ ಪದ, ಬಿ ಇ ಎಲ್ ಜಿ ಓ ಎಲ್ ಎ. ಇಳಿಸುವ ಮೊದಲು ಶೀರ್ಷಿಕೆ ಪುಟದ ವರ್ಷ ನೋಡಿಕೊಳ್ಳಿ. ಮತ್ತೆ 1889ರದ್ದೇ ಬಂದು ಕೂತರೆ ನನ್ನನ್ನು ಬೈಯಬೇಡಿ.