ಪದಚರ್ಚೆ: ಸೇನೆಯ ‘ಸಿ.ಆರ್.’ಗೆ ‘ಗೋಪ್ಯ ವರದಿ’ ಸಾಕೇ? ಷರಾ, ತಿಳಿವಳಿಕೆ, ‘ಉತ್ತಮ’

ಬಳಗದ ಎಲ್ಲರಿಗೂ ನಮಸ್ಕಾರ.

ಭೂಸೇನೆಯಿಂದ ನಿವೃತ್ತರಾದ ಅಧಿಕಾರಿಯೊಬ್ಬರ ನೆನಪುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಬಂಕರು, ಪೆರೇಡು, ಮೆಸ್ಸು, ಗಸ್ತು ಇವು ಕಾಡುವುದಿಲ್ಲ. ಪತ್ರಿಕೆ ಓದುವ ಯಾರಿಗೂ ಇವು ಗೊತ್ತು. ಕೆಲಸ ನಿಂತುಹೋಗುವುದು ‘ಸಿ.ಆರ್.’ (ಕಾನ್ಫಿಡೆನ್ಷಿಯಲ್ ರಿಪೋರ್ಟ್) ಬಂದ ಕಡೆ. ವರ್ಷಕ್ಕೊಮ್ಮೆ ಮೇಲಧಿಕಾರಿ ತನ್ನ ಕೈಕೆಳಗಿನವರ ಬಗ್ಗೆ ಬರೆಯುವ ಈ ವರದಿಗೆ ನಿಘಂಟುಗಳು ‘ಗೋಪ್ಯ ವರದಿ’ ಎನ್ನುತ್ತವೆ. ಅದನ್ನೇ ಹಾಕಿ ಮುಂದೆ ಹೋಗಬಹುದಿತ್ತು. ಹಾಗೆ ಮಾಡಿದರೆ ಅಲ್ಲಿ ನಿಜವಾಗಿ ನಡೆಯುವುದೇನು ಎಂಬುದು ಓದುಗರಿಗೆ ತಲುಪುವುದಿಲ್ಲ, ಏಕೆಂದರೆ ಆ ವರದಿ ಪೂರ್ತಿ ಗೋಪ್ಯವಲ್ಲ. ಇದನ್ನು ತಮ್ಮೆಲ್ಲರ ಮುಂದೆ ಇಡುತ್ತಿರುವುದು ಅದಕ್ಕೇ.

ಮೊದಲು ಪದ್ಧತಿ ಹೇಗಿದೆ ನೋಡೋಣ. ಬೆಟಾಲಿಯನ್ನಿನಲ್ಲಿರುವ ಮೇಜರ್ ಒಬ್ಬರ ವರದಿಯನ್ನು ಬರೆಯಲು ತೊಡಗುವವರು ಸಾಮಾನ್ಯವಾಗಿ ಕಮಾಂಡಿಂಗ್ ಆಫೀಸರ್. ಇವರಿಗೆ ಇನಿಷಿಯೇಟಿಂಗ್ ಆಫೀಸರ್, ಬಾಯಿಮಾತಿನಲ್ಲಿ ‘ಐ.ಓ.’ ಎನ್ನುತ್ತಾರೆ. ಅಲ್ಲಿಂದ ವರದಿ ಬ್ರಿಗೇಡ್ ಕಮಾಂಡರ್ ಬಳಿಗೆ, ಆಮೇಲೆ ಡಿವಿಷನ್ನಿನ ಜನರಲ್ ಬಳಿಗೆ ಹೋಗುತ್ತದೆ. ಈ ಇಬ್ಬರು ರಿವ್ಯೂಯಿಂಗ್ ಮತ್ತು ಸೀನಿಯರ್ ರಿವ್ಯೂಯಿಂಗ್ ಆಫೀಸರುಗಳು. ಕೊನೆಗೆ ಅದು ಅಧಿಕಾರಿಗಳ ಬಡ್ತಿ, ನೇಮಕಗಳನ್ನು ನೋಡಿಕೊಳ್ಳುವ ದೆಹಲಿಯ ಮಿಲಿಟರಿ ಸೆಕ್ರೆಟರಿ ಶಾಖೆ ಸೇರುತ್ತದೆ. ಜೆ.ಸಿ.ಓ. (ಸುಬೇದಾರರಂಥ ಜೂನಿಯರ್ ಕಮಿಷನ್ಡ್ ಆಫೀಸರ್) ಮತ್ತು ಹವಾಲ್ದಾರರಿಗೂ ಇಂಥ ವರದಿ ಉಂಟು. ಅವರ ದಾಖಲೆ ಇರುವುದು ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಲ್ಲಿ. ಮರಾಠಾ ಲೈಟ್ ಇನ್‌ಫ್ಯಾಂಟ್ರಿಯವರದು ನಮ್ಮ ಬೆಳಗಾವಿಯಲ್ಲೇ ಇದೆ, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರಿನಲ್ಲಿ.

ಐ.ಓ. ತನ್ನ ಭಾಗ ಬರೆದು ಮುಗಿಸಿದ ಮೇಲೆ ಅದರಲ್ಲಿ ಹೆಚ್ಚಿನದನ್ನು ಆ ಅಧಿಕಾರಿಗೇ ತೋರಿಸುತ್ತಾರೆ. ನಾನು ಅನುವಾದಿಸುತ್ತಿರುವ ಬರಹದಲ್ಲಿ ಇದರ ವಿವರ ಚೆನ್ನಾಗಿದೆ. ಮೇಜಿನ ಆಚೆಯಿಂದ ಹಾಳೆಗಳು ಈ ಕಡೆ ತಿರುಗುತ್ತವೆ. ಓದುವವನ ಕಣ್ಣು ವಾಕ್ಯಗಳನ್ನೆಲ್ಲ ದಾಟಿ ಮೊದಲು ಹೋಗುವುದು ಚೌಕದೊಳಗೆ ಬರೆದ ಒಂದೇ ಒಂದು ಅಂಕಿಯ ಕಡೆಗೆ. ಆಮೇಲೆ ಮತ್ತೆ ಮೇಲಿನಿಂದ ಓದು, ಕೆಳಗೆ ಸಹಿ, ದಿನಾಂಕ. ಆ ಸಹಿಗೆ ‘ನೋಡಿದ್ದೇನೆ’ ಎಂಬಷ್ಟೇ ಅರ್ಥ, ‘ಒಪ್ಪಿದ್ದೇನೆ’ ಎಂದಲ್ಲ. ಮುಂದಿನ ಹುದ್ದೆಗೆ ಇವರಲ್ಲಿ ಎಷ್ಟು ಕಸುವಿದೆ ಎಂದು ಅಳೆಯುವ ಭಾಗವನ್ನೂ, ಮೇಲಿನ ಇಬ್ಬರು ಬರೆಯುವುದನ್ನೂ ತೋರಿಸುವುದಿಲ್ಲ. ಅಲ್ಲಿ ಪ್ರತಿಕೂಲವಾದದ್ದು ಏನಾದರೂ ಇದ್ದರೆ ಆ ಸಾಲುಗಳನ್ನಷ್ಟೇ ಬೇರೆಯಾಗಿ ತಿಳಿಸುತ್ತಾರೆ.

ಹೀಗಾಗಿ ಇಲ್ಲಿ ಮೂರು ಬೇರೆ ಬೇರೆ ಕ್ರಿಯೆಗಳಿವೆ ಎನ್ನುವುದು ನನ್ನ ವಾದ. ವರ್ಷದ ನಡುವೆ ಎದುರಿಗೆ ಕೂರಿಸಿಕೊಂಡು ಹೇಳುವುದು ಒಂದು. ಬರೆದು ತೋರಿಸುವುದು ಇನ್ನೊಂದು. ಬರೆದು ಮುಚ್ಚಿಡುವುದು ಮತ್ತೊಂದು. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಹೆಸರಿವೆ. ಕನ್ನಡದಲ್ಲಿ ನಾವು ‘ಗೋಪ್ಯ ವರದಿ’, ‘ಮೌಲ್ಯಮಾಪನ’, ‘ಹಿಮ್ಮಾಹಿತಿ’ (ಫೀಡ್‌ಬ್ಯಾಕ್) ಪದಗಳನ್ನು ಕೈಗೆ ಸಿಕ್ಕ ಹಾಗೆ ಬಳಸಿ ಮೂರನ್ನೂ ಕಲಸಿಬಿಡುತ್ತೇವೆ.

‘ಗೋಪ್ಯ’ವೋ ‘ಗೌಪ್ಯ’ವೋ ಎಂಬ ಜಗಳಕ್ಕೆ ಇಲ್ಲಿ ಹೋಗುವುದಿಲ್ಲ. ಗೋಪ್ಯ ಎಂದರೆ ಮುಚ್ಚಿಡಬೇಕಾದದ್ದು. ಗೌಪ್ಯ ಕಚೇರಿ ಕನ್ನಡದಲ್ಲಿ ಬೇರು ಬಿಟ್ಟಾಗಿದೆ. ನನಗೆ ಮುಖ್ಯವೆನಿಸುವುದು ಬೇರೆ. ನಮ್ಮ ರಾಜ್ಯ ಸರ್ಕಾರ 1994ರ ಸೇವಾ ನಿಯಮಗಳಲ್ಲಿ ‘ಕಾರ್ಯನಿರ್ವಹಣಾ ವರದಿ’ ಎಂದು ಹೆಸರು ಬದಲಿಸಿತು. ಕೇಂದ್ರ ಸರ್ಕಾರವೂ 2009ರಲ್ಲಿ ತನ್ನ ಸಿವಿಲ್ ನೌಕರರ ವರದಿಯ ಹೆಸರಿನಿಂದ ‘ಕಾನ್ಫಿಡೆನ್ಷಿಯಲ್’ ತೆಗೆದುಹಾಕಿತು. ಆದರೂ ತಾಲ್ಲೂಕು ಕಚೇರಿಯಿಂದ ವಿಧಾನಸೌಧದವರೆಗೆ ಜನರ ಬಾಯಲ್ಲಿ ಇರುವುದು ‘ಸಿ.ಆರ್.’ ಎಂದೇ. ಸೇನೆಯಲ್ಲಂತೂ ಹೆಸರು ಬದಲಾಗಲೇ ಇಲ್ಲ. ಹಾಗಾಗಿ ಮಾತುಕತೆ ಬರುವಲ್ಲಿ ‘ಸಿ.ಆರ್.’ ಎಂದೇ ಇಟ್ಟು, ನಿರೂಪಣೆಯಲ್ಲಿ ‘ವಾರ್ಷಿಕ ವರದಿ’ ಎಂದು ಬರೆದು, ಒಳಗೆ ‘ತೋರಿಸುವ ಭಾಗ’, ‘ಮುಚ್ಚಿದ ಭಾಗ’ ಎಂದು ಬಿಡಿಸಿ ಹೇಳೋಣ ಎಂದುಕೊಂಡಿದ್ದೇನೆ. ಯಾರಿಗಾದರೂ ತಕರಾರಿದ್ದರೆ ತಿಳಿಸಿ.

ಹೆಚ್ಚು ಕಷ್ಟ ಕೊಡುತ್ತಿರುವುದು ಮೊದಲನೆಯ ಕ್ರಿಯೆ, ಎದುರಿಗೆ ಕೂರಿಸಿಕೊಂಡು ಹೇಳುವುದು. ಸೇನೆಯವರು ಇದನ್ನು ‘ಕೌನ್ಸೆಲಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ರೂಢಿಯಾಗಿರುವ ‘ಆಪ್ತ ಸಮಾಲೋಚನೆ’ ಇಲ್ಲಿ ತೀರಾ ಅಪಾಯಕಾರಿ. ಆ ಪದ ಮಾನಸಿಕ ಆರೋಗ್ಯದ ಚಿಕಿತ್ಸೆಗೆ, ದಾಂಪತ್ಯದ ತೊಡಕುಗಳಿಗೆ ಅಂಟಿಕೊಂಡಿದೆ. ‘ಕಮಾಂಡಿಂಗ್ ಆಫೀಸರ್ ಮೇಜರ್‌ಗೆ ಎರಡು ಬಾರಿ ಆಪ್ತ ಸಮಾಲೋಚನೆ ನಡೆಸಿದರು’ ಎಂದು ಬರೆದರೆ ಓದಿದವರು ಆ ಮೇಜರ್‌ಗೆ ಏನೋ ಕಾಯಿಲೆ ಎಂದೇ ತಿಳಿಯುತ್ತಾರೆ. ‘ಕಿವಿಮಾತು’ ಬಹಳ ಮೆದು, ಹಿರಿಯರು ಮದುವೆ ಮನೆಯಲ್ಲಿ ಹೇಳುವಂಥದ್ದು. ‘ತಾಕೀತು’ ವಿಪರೀತ ಗಡಸು, ಶಿಕ್ಷೆಯ ಹೊಸಿಲಲ್ಲಿ ನಿಂತ ಪದ. ‘ಹಿಮ್ಮಾಹಿತಿ’ ಬಿ.ಎಡ್. ಪಠ್ಯಗಳಲ್ಲಿ ಚೆನ್ನಾಗಿಯೇ ಬಾಳುತ್ತಿದೆ, ಆದರೆ ಸುಬೇದಾರ್ ಸಾಹೇಬರ ಬಾಯಲ್ಲಿ ಅದನ್ನು ಹಾಕಲು ನನಗೆ ಮನಸ್ಸಿಲ್ಲ. ‘ಪ್ರತಿಕ್ರಿಯೆ’ ಎಂದರೆ ದಿಕ್ಕೇ ತಪ್ಪುತ್ತದೆ, ಯಾರು ಯಾರಿಗೆ ಹೇಳಿದರು ಎಂಬುದು ಉಳಿಯುವುದಿಲ್ಲ.

ಕ್ರಿಯಾಪದ ಮಾತ್ರ ನಮ್ಮಲ್ಲಿ ಸೊಗಸಾದದ್ದಿದೆ: ತಿದ್ದಿ ಹೇಳು. ‘ಸಾಹೇಬರು ಕರೆದು ತಿದ್ದಿ ಹೇಳಿದರು’ ಎಂದರೆ ಮೇಲಿನವರ ಅಧಿಕಾರ, ಕೆಳಗಿನವರ ಮೇಲಿನ ಕಾಳಜಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ನಾಮಪದ ಬೇಕಾದಾಗ ತೊಂದರೆ. ಅದು ಬೇಕೇ ಬೇಕು, ಏಕೆಂದರೆ ಈ ಕ್ರಿಯೆಗೆ ಕಾನೂನಿನ ತೂಕವಿದೆ. ಒಬ್ಬರ ಬಗ್ಗೆ ದುರ್ಬಲ ಅಂಶ ಬರೆಯುವ ಮೊದಲು ಅವರಿಗೆ ಅದನ್ನು ತಿಳಿಸಿ, ತಿದ್ದಿಕೊಳ್ಳಲು ಅವಕಾಶ ಕೊಟ್ಟಿದ್ದರೇ ಎಂಬ ಪ್ರಶ್ನೆ ದೂರುಗಳಲ್ಲಿ ಎದ್ದೇ ಏಳುತ್ತದೆ. ಅಧಿಕಾರಿಗಳಿಗೆ 1950ರ ಸೇನಾ ಕಾಯ್ದೆಯ 27ನೇ ಕಲಂ, ಉಳಿದವರಿಗೆ 26ನೇ ಕಲಂ ದೂರು ಕೊಡುವ ದಾರಿ ತೆರೆದಿಡುತ್ತವೆ. ಅಲ್ಲೂ ಸಮಾಧಾನವಾಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಅಂಥ ಕಡೆ ‘ತಿದ್ದಿ ಹೇಳಿಕೆ’ ಎಂದರೆ ಬಾಲಿಶವಾಗಿ ಕೇಳುತ್ತದೆ. ‘ತಿಳಿವಳಿಕೆ ಕೊಡು’ ಎಂಬುದನ್ನೇ ಪಾರಿಭಾಷಿಕವಾಗಿ ನಿಲ್ಲಿಸಿ, ‘ಮೌಖಿಕ ತಿಳಿವಳಿಕೆ’, ‘ಲಿಖಿತ ತಿಳಿವಳಿಕೆ’ ಎನ್ನಬಹುದೇ? ಕಚೇರಿಗಳಲ್ಲಿ ‘ತಿಳಿವಳಿಕೆ ಪತ್ರ’ಕ್ಕೆ ನೋಟಿಸಿನ ಛಾಯೆ ಈಗಾಗಲೇ ಇದೆ. ಅದು ಅಡ್ಡ ಬರುತ್ತದೆಯೇ, ಅಥವಾ ನೆರವಾಗುತ್ತದೆಯೇ? ನನಗೆ ನೆರವಾಗುತ್ತದೆ ಎನ್ನಿಸುತ್ತದೆ.

ಅಮೆರಿಕದ ಸೇನೆಯಲ್ಲಿ ತಿದ್ದಿ ಹೇಳುವುದನ್ನೂ ವಾರ್ಷಿಕ ವರದಿಯನ್ನೂ ಕಾಗದದಲ್ಲೇ ಬೇರೆ ಮಾಡಿದ್ದಾರೆ. ತಿದ್ದಿ ಹೇಳಿದ್ದನ್ನು ಬರೆದಿಡಲು 4856 ನಂಬರಿನ ಫಾರಂ, ವಾರ್ಷಿಕ ಮೌಲ್ಯಮಾಪನಕ್ಕೆ ಬೇರೆಯದೇ ವರದಿ. ಅಲ್ಲಿನ ಪುಸ್ತಕ ಅನುವಾದಿಸುವವರಿಗೂ ಎರಡು ಪದ ಬೇಕಾದೀತು.

ಇನ್ನು ಬರೆದದ್ದಕ್ಕೆ. ‘ರಿಮಾರ್ಕ್’ಗೆ ನನ್ನ ಮಟ್ಟಿಗೆ ‘ಷರಾ’ಕ್ಕಿಂತ ಒಳ್ಳೆಯ ಪದವಿಲ್ಲ. ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ, ಶಾಲಾ ದಾಖಲಾತಿಯಲ್ಲಿ, ಪಹಣಿಯ ಅಂಚಿನಲ್ಲಿ ಎಲ್ಲ ಕಡೆ ಅದು ಇದೆ. ‘ಟಿಪ್ಪಣಿ’ಯಲ್ಲಿ ಇಲ್ಲದ ಒಂದು ಗುಣ ಷರಾಕ್ಕಿದೆ: ಅಧಿಕಾರ ಇರುವವರು ಬರೆದದ್ದು, ಅಳಿಸಲು ಸುಲಭವಲ್ಲದ್ದು ಎಂಬ ಧ್ವನಿ. ‘ಪ್ರತಿಕೂಲ ಷರಾ’ ಎಂದ ಕೂಡಲೇ ನೌಕರಿ ಮಾಡಿದ ಯಾರಿಗೂ ಎದೆ ಧಸಕ್ಕೆನ್ನುತ್ತದೆ. ಅದನ್ನು ತೆಗೆಸುವುದಕ್ಕೆ ‘ಕಡತದಿಂದ ತೆಗೆದುಹಾಕು’ ಎಂಬ ಸದನದ ಮಾತು ಇದ್ದೇ ಇದೆ. ಆದರೆ ಸೇನೆಯಲ್ಲಿ ಕೆಲವೊಮ್ಮೆ ಒಂದು ಷರಾ ಹೋಗುತ್ತದೆ, ಕೆಲವೊಮ್ಮೆ ಇಡೀ ವರದಿಯೇ ಹೋಗುತ್ತದೆ. ಮೊದಲನೆಯದಕ್ಕೆ ‘ಷರಾ ತೆಗೆದುಹಾಕಿದರು’, ಎರಡನೆಯದಕ್ಕೆ ‘ವರದಿ ರದ್ದುಪಡಿಸಿದರು’ ಎಂದು ಭೇದ ಇಟ್ಟುಕೊಂಡಿದ್ದೇನೆ. ಅಂದ ಹಾಗೆ, ಸಿಪಾಯಿಗಳ ನಡತೆಯ ಹಾಳೆಯಲ್ಲಿ ಶಿಕ್ಷೆಗಳನ್ನು ಬರೆಯುವ ‘ರೆಡ್ ಇಂಕ್ ಎಂಟ್ರಿ’ ಬೇರೆಯೇ. ಅದು ಶಿಸ್ತಿನ ವಿಷಯ, ಸಿ.ಆರ್.ಗೆ ಸೇರಿದ್ದಲ್ಲ. ಅದಕ್ಕೆ ಷರಾ ಬೇಡ, ‘ಕೆಂಪು ಶಾಯಿಯ ನಮೂದು’ ಸಾಕು.

ಈಗ ಅಂಕಗಳು. ನನ್ನನ್ನು ಬಹಳ ಕಾಡಿದ್ದು ಇದೇ. ಅಧಿಕಾರಿಗಳ ವರದಿಯಲ್ಲಿ 1ರಿಂದ 9ರವರೆಗೆ ಅಂಕ. 9 ಎಂದರೆ ಔಟ್‌ಸ್ಟ್ಯಾಂಡಿಂಗ್, 8 ಮತ್ತು 7 ಅಬವ್ ಆವರೇಜ್, 6 ಮತ್ತು 5 ಹೈ ಆವರೇಜ್, 4 ಆವರೇಜ್, 3 ಲೋ ಆವರೇಜ್, 2 ಮತ್ತು 1 ಬಿಲೋ ಆವರೇಜ್. ಇವನ್ನು ‘ಸರಾಸರಿಗಿಂತ ಮೇಲು’, ‘ಮೇಲ್ಸರಾಸರಿ’ ಎಂದು ತಂದರೆ ಲೆಕ್ಕದ ಪುಸ್ತಕದ ಹಾಗೆ ಕಾಣುತ್ತದೆ. ‘ಅತ್ಯುತ್ತಮ, ಉತ್ತಮ, ಸಾಧಾರಣ’ ಎಂದು ತಂದರೆ ಕಥೆಯೇ ಕೆಡುತ್ತದೆ. ಏಕೆ ಎನ್ನುತ್ತೀರೋ? ಮೇಲಕ್ಕೆ ಹೋದಂತೆ ಹುದ್ದೆಗಳು ಕಡಿಮೆ. ಲೆಫ್ಟಿನೆಂಟ್ ಕರ್ನಲ್ ಕರ್ನಲ್ ಆಗಬೇಕಾದರೆ ನಂಬರ್ 3 ಆಯ್ಕೆ ಮಂಡಳಿ, ಬ್ರಿಗೇಡಿಯರ್ ಆಗಲು ನಂಬರ್ 2, ಮೇಜರ್ ಜನರಲ್ ಆಗಲು ನಂಬರ್ 1. ಎಲ್ಲರಿಗೂ 8, 9 ಬರುವ ಕಡೆ ಒಂದು 7 ಬಿದ್ದರೆ ಸಾಕು, ಹಿಂದೆ ಉಳಿಯಬಹುದು. ಹೆಸರಿನಲ್ಲಿ ಅದು ಹೊಗಳಿಕೆ, ಪರಿಣಾಮದಲ್ಲಿ ಪೆಟ್ಟು.

ಈ ಸಂಗತಿ ಸುಪ್ರೀಂ ಕೋರ್ಟಿನಲ್ಲೇ ಚರ್ಚೆಯಾಗಿದೆ. 2008ರ ದೇವ್ ದತ್ ಪ್ರಕರಣ. ಅವರು ಗಡಿ ರಸ್ತೆಗಳ ಇಂಜಿನಿಯರಿಂಗ್ ಸೇವೆಯ ಇಂಜಿನಿಯರ್. 1993-94ರ ವರದಿಯಲ್ಲಿ ಅವರಿಗೆ ‘ಗುಡ್’ ಎಂದು ಬರೆದಿತ್ತು. ಬಡ್ತಿಗೆ ಬೇಕಾದದ್ದು ‘ವೆರಿ ಗುಡ್’. ಆ ಒಂದು ‘ಗುಡ್’ನಿಂದ ಬಡ್ತಿ ತಪ್ಪಿತು, ಅದು ಅವರಿಗೆ ತಿಳಿಸಿಯೇ ಇರಲಿಲ್ಲ. ‘ಗುಡ್’ ಪ್ರತಿಕೂಲವಲ್ಲ, ಆದ್ದರಿಂದ ತಿಳಿಸಬೇಕಾಗಿಲ್ಲ ಎಂಬುದು ಸರ್ಕಾರದ ವಾದ. ಹೆಸರು ಏನೇ ಇರಲಿ, ಪರಿಣಾಮ ಪ್ರತಿಕೂಲವಾದರೆ ಅದು ಪ್ರತಿಕೂಲವೇ ಎಂದ ನ್ಯಾಯಾಲಯ, ಸಾರ್ವಜನಿಕ ನೌಕರರ ವರದಿಯಲ್ಲಿ ಬರೆದದ್ದನ್ನೆಲ್ಲ, ಒಳ್ಳೆಯದೋ ಕೆಟ್ಟದ್ದೋ, ಅವರಿಗೆ ತಿಳಿಸಬೇಕು ಎಂದಿತು. ಅದೇ ತೀರ್ಪಿನಲ್ಲಿ ಸೇನಾ ಅಧಿಕಾರಿಗಳಿಗೆ ಇದು ಅನ್ವಯಿಸುವುದಿಲ್ಲ ಎಂದೂ ಹೇಳಿತು. ಅನುವಾದಕರು ಈ ತೀರ್ಪಿನ ‘ಗುಡ್’ಗೆ ‘ಉತ್ತಮ’ ಎಂದರೆ ಏನಾಗುತ್ತದೆ ನೋಡಿ: ಸಂಸ್ಕೃತದಲ್ಲಿ ಉತ್ತಮವೆಂದರೆ ಎಲ್ಲಕ್ಕಿಂತ ಮೇಲಿನದು. ಕನ್ನಡದ ಓದುಗರಿಗೂ ಆ ನೆನಪು ಪೂರ್ತಿ ಅಳಿದಿಲ್ಲ. ‘ಉತ್ತಮ ಎಂದು ಬರೆದದ್ದರಿಂದ ಬಡ್ತಿ ತಪ್ಪಿತು’ ಎಂಬ ವಾಕ್ಯ ಒಗಟಿನಂತೆ ಕಾಣುತ್ತದೆ. ‘ಪರವಾಗಿಲ್ಲ’ ಎನ್ನುವ ನಮ್ಮ ಮನೆಮಾತೇ ಇಲ್ಲಿ ಅರ್ಥಕ್ಕೆ ಹತ್ತಿರ. ಆದರೆ ಸರ್ಕಾರಿ ನಮೂನೆಯಲ್ಲಿ ಅದನ್ನು ಬರೆಯುವ ಹಾಗಿಲ್ಲ.

ನಾನು ಸದ್ಯಕ್ಕೆ ಅಂಕಿಯನ್ನೇ ಮುಂದಿಟ್ಟಿದ್ದೇನೆ. ‘ಏಳು ಕೊಟ್ಟರು’, ‘ಎಂಟರಿಂದ ಏಳಕ್ಕೆ ಇಳಿಸಿದರು’. ಮೊದಲ ಬಾರಿ ಬಂದಾಗ ಮಾತ್ರ ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಇದು ಓದಿಗೆ ಸಲೀಸು.

‘ಪೆನ್ ಪಿಕ್ಚರ್’ ಬಗ್ಗೆಯೂ ಒಂದು ಮಾತು. ಅಂಕದ ಜೊತೆ ಐ.ಓ. ನಾಲ್ಕಾರು ಸಾಲಿನಲ್ಲಿ ಆ ಮನುಷ್ಯನನ್ನು ಚಿತ್ರಿಸುತ್ತಾರೆ. ‘ವ್ಯಕ್ತಿಚಿತ್ರ’ ನಮ್ಮ ಸಾಹಿತ್ಯದ ಸ್ವತ್ತು, ಅದಕ್ಕೆ ಬೇರೆ ಘನತೆ ಇದೆ. ‘ನುಡಿಚಿತ್ರ’ ಪತ್ರಿಕೆಯವರದು. ‘ಗುಣಚಿತ್ರ’ ಎಂದರೆ ಹೇಗೆ? ಗುಣ ಎಂಬುದರಲ್ಲಿ ಒಳ್ಳೆಯದು, ಕೆಟ್ಟದ್ದು ಎರಡಕ್ಕೂ ಜಾಗವಿದೆ. ಈ ಸಾಲುಗಳ ಅನುವಾದದಲ್ಲಿ ಎಚ್ಚರ ಬೇಕು. ಮಾದರಿಗೆ ನಾನೇ ಕಟ್ಟಿದ ವಾಕ್ಯ: ‘ಸೂಚನೆ ಸಿಕ್ಕಾಗ ಕೆಲಸ ಚೆನ್ನಾಗಿ ಮಾಡುತ್ತಾರೆ.’ ಹೊರಗಿನವರಿಗೆ ಇದು ಮೆಚ್ಚುಗೆ. ಆಯ್ಕೆ ಮಂಡಳಿಯಲ್ಲಿ ಕೂತವರಿಗೆ ಕೇಳಿಸುವುದು ‘ತಾವಾಗಿ ಏನನ್ನೂ ಮಾಡುವುದಿಲ್ಲ’ ಎಂದು. ಇಂಥ ವಾಕ್ಯವನ್ನು ಕನ್ನಡದಲ್ಲಿ ಇನ್ನಷ್ಟು ಸಿಹಿ ಮಾಡಿದರೆ ಬರೆದವರ ಉದ್ದೇಶಕ್ಕೂ, ಅದನ್ನು ಓದಿ ಸಹಿ ಹಾಕಿದವರ ನೋವಿಗೂ ಮೋಸ ಮಾಡಿದ ಹಾಗೆ.

ಬರವಣಿಗೆಯ ಬಗ್ಗೆಯೇ ನ್ಯಾಯಾಲಯ ಮಾತಾಡಿದ ಇನ್ನೊಂದು ಸಂದರ್ಭ 2021ರ ಮಾರ್ಚ್ 25ರ ತೀರ್ಪು, ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣ. ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆಯ ದಾರಿಯೇ ಇಲ್ಲದಿದ್ದ ಕಾಲದಲ್ಲಿ ಅವರ ವಾರ್ಷಿಕ ವರದಿಗಳನ್ನು ಹೇಗಿದ್ದರೂ ಮುಂದೆ ಹೋಗುವವರಲ್ಲ ಎಂಬ ಮನೋಭಾವದಲ್ಲಿ ಬರೆಯಲಾಗಿತ್ತು, ಮುಂದೆ ಅದೇ ವರದಿಗಳನ್ನು ಇಟ್ಟುಕೊಂಡು ಅವರನ್ನು ಅಳೆಯಲಾಯಿತು ಎಂಬುದು ಅಲ್ಲಿ ಬಂದ ಮುಖ್ಯ ಅಂಶ. ಈ ಅಳತೆಯ ಕ್ರಮ ಪರೋಕ್ಷ ತಾರತಮ್ಯ ಎಂದು ನ್ಯಾಯಾಲಯ ಹೇಳಿತು. ಆ ಬಗೆಯ ಬರವಣಿಗೆಗೆ ಕನ್ನಡದಲ್ಲಿ ಹುಡುಕಾಡಬೇಕಾಗಿಲ್ಲ: ಕಾಟಾಚಾರಕ್ಕೆ ಬರೆದದ್ದು. ‘ಅನೌಪಚಾರಿಕವಾಗಿ’, ‘ಲಘುವಾಗಿ’ ಎಂದೆಲ್ಲ ಪತ್ರಿಕೆಗಳಲ್ಲಿ ಬರುತ್ತದೆ. ಒಬ್ಬರ ಇಡೀ ವೃತ್ತಿಯ ಮೇಲೆ ಬಿದ್ದ ಹೊರೆಯನ್ನು ಆ ಪದಗಳು ಹೊರಲಾರವು.

ಕೊಡಗು, ಬೆಳಗಾವಿ, ಧಾರವಾಡ, ಹಾಸನದ ಕಡೆ ಸೇನೆಯಲ್ಲಿ ದುಡಿದವರು, ಅವರ ಮನೆಯವರು ಈ ಬಳಗದಲ್ಲಿ ಇದ್ದೀರಿ. ಮನೆಗೆ ಪತ್ರ ಬರೆಯುವಾಗ, ರಜೆಗೆ ಬಂದು ಕಟ್ಟೆಯ ಮೇಲೆ ಮಾತಾಡುವಾಗ ಇದಕ್ಕೆ ಏನೆನ್ನುತ್ತಿದ್ದರು? ‘ಸಿ.ಆರ್. ಕೆಟ್ಟಿತು’ ಎನ್ನುತ್ತಿದ್ದರೇ, ‘ರಿಪೋರ್ಟು ಬಿತ್ತು’ ಎನ್ನುತ್ತಿದ್ದರೇ, ‘ಸಾಹೇಬರು ಕಲ್ಲು ಹಾಕಿದರು’ ಎನ್ನುತ್ತಿದ್ದರೇ? ಕೊಡವ ತಕ್‌ನಲ್ಲಿ ಬೇರೆ ಮಾತಿದ್ದರೆ ಅದೂ ಬೇಕು. ಜೊತೆಗೆ, ‘ಲಿಖಿತ ತಿಳಿವಳಿಕೆ’ ಮತ್ತು ‘ಗುಣಚಿತ್ರ’ ನಿಮ್ಮ ಕಿವಿಗೆ ಹೇಗೆ ಕೇಳುತ್ತವೆ ಎಂದು ದಯವಿಟ್ಟು ಬರೆಯಿರಿ. ಅಧ್ಯಾಯದ ಕರಡು ಇನ್ನೂ ನನ್ನ ಕೈಯಲ್ಲೇ ಇದೆ, ಬದಲಿಸಲು ಸಮಯವಿದೆ.